ಜಿನೀವಾದಿಂದ ಗ್ರಾಮಸಭೆಯವರೆಗೆ

(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಸುಸ್ಥಿರ ಅಭಿವೃದ್ಧಿಗಾಗಿ ಜಗತ್ತಿನ ಸಹಕಾರ ಮತ್ತು ಸ್ಥಳೀಯಾಡಳಿತದ ಹೊಣೆ ಎಂಬ ವಿಷಯವನ್ನು ಸಂಘಟಕರು ನಮಗೆ ಒಪ್ಪಿಸಿದಾಗ ತುಸು ಅಳುಕಾಯಿತು. ವಿಶ್ವಸಂಸ್ಥೆಯ ಮಾತನ್ನು ಹಳ್ಳಿಯ ಶಾಲೆಯ ಅಂಗಳದಲ್ಲಿ ಆಡುವುದೆಂತು ಎಂದೆನಿಸಿತು. ಆದರೆ ಯೋಚಿಸುತ್ತ ಹೋದಂತೆ, ಕಾಸರಗೋಡಿನ ಕನ್ನಡಿಗರಾದ ನಮಗಿಂತ ಈ ವಿಷಯಕ್ಕೆ ಹತ್ತಿರದವರು ವಿರಳವೆಂಬುದು ಮನವರಿಕೆಯಾಯಿತು. ಜಗತ್ತಿನ ಒಂದು ಒಪ್ಪಂದದ ಹಿಂದೆ ನಮ್ಮ ಗುಡ್ಡೆಗಳ ಕಥೆಯಿದೆ.

1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಗೇರಿನ ಚಿಗುರು ಹೀರುವ ಕೀಟವನ್ನು ಕೊಲ್ಲುವುದು ಅದರ ಉದ್ದೇಶ. ತೋಟಗಳು ಗುಡ್ಡೆಯ ನೆತ್ತಿಯಲ್ಲಿ, ಮನೆಗಳು ತಪ್ಪಲಿನಲ್ಲಿ. ನಮ್ಮ ಕುಡಿಯುವ ನೀರು ಬಾವಿಯದು, ತೋಡಿನದು, ಗುಡ್ಡೆಯ ಮುರಕಲ್ಲನ್ನು ಅಡ್ಡಲಾಗಿ ಕೊರೆದ ಸುರಂಗದ್ದು. ನೆತ್ತಿಯ ಮೇಲೆ ಬಿದ್ದದ್ದು ತಪ್ಪಲಿಗೆ ಇಳಿಯದೆ ಇರುತ್ತದೆಯೇ?

ಮೊದಲು ಪ್ರಶ್ನಿಸಿದವರು ನಮ್ಮವರೇ. ಎಣ್ಮಕಜೆ ಪಂಚಾಯತಿನ ಪಡ್ರೆ ಪರಿಸರದ ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್ ಒಂದೇ ಪ್ರದೇಶದಲ್ಲಿ ಅಸಹಜ ಪ್ರಮಾಣದ ಕಾಯಿಲೆಗಳನ್ನು ಕಂಡು ಬರೆದರು. ಪತ್ರಕರ್ತ ಶ್ರೀಪಡ್ರೆಯವರು ಲೇಖನಿಯನ್ನು ಇದಕ್ಕಾಗಿ ಸವೆಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಗಮನ ಹರಿಸಿದ ಬಳಿಕ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾ ಮಕ್ಕಳನ್ನು, ಸಿಂಪಡಣೆ ನಡೆಯದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ಅಧ್ಯಯನ ನಡೆಸಿದರು. ಯಾವ ಕಾಯಿಲೆಗೆ ಯಾವುದು ಕಾರಣವೆಂಬ ಚರ್ಚೆ ತಜ್ಞರ ನಡುವೆ ಪೂರ್ತಿ ಮುಗಿದಿಲ್ಲ. ಆದರೆ ಆ ಮಕ್ಕಳ ರಕ್ತದಲ್ಲಿ ವಿಷದ ಅಂಶ ಕಂಡುಬಂದದ್ದು ದಾಖಲೆಯಲ್ಲಿದೆ.

ಇನ್ನು ಜಗತ್ತಿನ ಕಡೆಗೆ ಬರೋಣ. ಮಣ್ಣಿನಲ್ಲಿ, ನೀರಿನಲ್ಲಿ, ಜೀವಿಗಳ ಕೊಬ್ಬಿನಲ್ಲಿ ಬಹುಕಾಲ ಉಳಿದು ಗಡಿ ದಾಟಿ ಸಾಗುವ ರಾಸಾಯನಿಕಗಳನ್ನು ಒಂದು ದೇಶ ಒಂಟಿಯಾಗಿ ತಡೆಯಲಾರದು. ಆದ್ದರಿಂದ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ರೂಪುಗೊಂಡು 2004ರಲ್ಲಿ ಜಾರಿಗೆ ಬಂತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು. ಮೊದಲು ವಿರೋಧಿಸಿದ್ದ ನಮ್ಮ ದೇಶವೂ ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿಯೊಂದಿಗೆ ಸಮ್ಮತಿಸಿತು. ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು.

ಇಷ್ಟಕ್ಕೆ ಕಥೆ ಮುಗಿಯಿತೆಂದರೆ ಅದು ಪಠ್ಯಪುಸ್ತಕದ ಕಥೆಯಾದೀತು. ಒಪ್ಪಂದವು ವಿಷವನ್ನು ನಿಲ್ಲಿಸಬಲ್ಲದು. ನಡೆಯಲಾಗದ ಮಗುವನ್ನು ಬೆಳಗ್ಗೆ ವಾಹನಕ್ಕೆ ಎತ್ತಿ ಕೂರಿಸಲಾರದು. ಆ ಕೆಲಸ ಮಾಡುತ್ತಿರುವುದು ಪಂಚಾಯತುಗಳ ಆಶ್ರಯದ ಬಡ್ಸ್ ಶಾಲೆಗಳು, ಕುಟುಂಬಶ್ರೀಯ ಅಕ್ಕತಂಗಿಯರು, ಆಶಾ ಕಾರ್ಯಕರ್ತೆಯರು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು 3 ತಿಂಗಳೊಳಗೆ ನೀಡುವಂತೆ ಆದೇಶಿಸಿತು. ವಿಳಂಬವನ್ನು ಆಕ್ಷೇಪಿಸಿ 2022ರಲ್ಲಿ ಅದೇ ನ್ಯಾಯಾಲಯ ಮತ್ತೆ ಮಾತನಾಡಬೇಕಾಯಿತು. ದಿಲ್ಲಿಯ ಆದೇಶ ಮನೆಯ ಜಗಲಿಗೆ ತಲಪುವ ಕೊನೆಯ ಹರದಾರಿಯೇ ಅತ್ಯಂತ ದೀರ್ಘವಾದುದು.

ಇಲ್ಲಿ ನಮ್ಮ ಶಾಲೆಯ ತಪ್ಪೊಂದನ್ನು ಹೇಳದೆ ಮುಂದೆ ಹೋಗಲಾರೆವು. ಸ್ಮರಣ ಸಂಚಿಕೆಗಾಗಿ ಹಳೆಯ ಹಾಜರಿ ಪುಸ್ತಕಗಳನ್ನು ತೆರೆದಾಗ ಆ ವರ್ಷಗಳ ಕೆಲವು ಹೆಸರುಗಳ ಎದುರು 'ದೀರ್ಘಕಾಲ ಗೈರುಹಾಜರಿ' ಎಂದು ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು ಕಂಡಿತು. ಅಂದು ಕಿರಿಯ ಅಧ್ಯಾಪಿಕೆಯರಾಗಿದ್ದ ನಮ್ಮಲ್ಲಿ ಕೆಲವರ ಕೈಬರಹವೂ ಅದರಲ್ಲಿದೆ. ಆ ಮಗು ಏಕೆ ಬರುತ್ತಿಲ್ಲವೆಂದು ಗುಡ್ಡೆ ಹತ್ತಿ ವಿಚಾರಿಸಿದವರು ನಾವಲ್ಲ. ನಿಯಮದಂತೆ ಹೆಸರು ತೆಗೆದೆವು, ಅಷ್ಟೆ. ವೈದ್ಯರೊಬ್ಬರು ಚೀಟಿಗಳಲ್ಲಿ ಕಂಡದ್ದನ್ನು ನಾವು ನಮ್ಮ ಹಾಜರಿ ಪುಸ್ತಕದಲ್ಲಿ ಕಾಣಬಹುದಿತ್ತು. ಆ ಮನೆಗಳ ತಾಯಂದಿರಲ್ಲಿ ಇಂದು ಈ ವೇದಿಕೆಯಿಂದ ಕ್ಷಮೆ ಯಾಚಿಸುತ್ತೇವೆ.

ಈ ತಪ್ಪು ಮರುಕಳಿಸದಿರಲು ದಾರಿಯೇನು? ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಆರಂಭವಾದಂದಿನಿಂದ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದೆ. ಬೇಡಿಕೆಗಳು ಮೊದಲು ಕೇಳಿಬರಬೇಕಾದುದು ವಾರ್ಡಿನ ಗ್ರಾಮಸಭೆಯಲ್ಲಿ. ಕಾನೂನಿನಂತೆ ಅದು 3 ತಿಂಗಳಿಗೊಮ್ಮೆಯಾದರೂ ಸೇರಬೇಕು. ವಿಶ್ವಸಂಸ್ಥೆ 2015ರಲ್ಲಿ ಘೋಷಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಶುದ್ಧ ನೀರು, ಆರೋಗ್ಯ, ಶಿಕ್ಷಣಗಳಿವೆ. ಅವು ನಮ್ಮ ಪಾಲಿಗೆ ನಿಜವಾಗುವುದು ಆ ಸಭೆಯಲ್ಲಿ ಯಾರಾದರೂ ಎದ್ದುನಿಂತು 'ನಮ್ಮ ಸುರಂಗದ ನೀರನ್ನು ಪರೀಕ್ಷಿಸಿ' ಎಂದು ಕೇಳಿದಾಗ.

ಆದರೆ ಅನೇಕ ತಾಯಂದಿರು ಮಲಯಾಳದಲ್ಲಿ ಅಚ್ಚಾದ ನೋಟೀಸನ್ನು ಮಡಚಿ ಮಗುವಿನ ಚೀಲದಲ್ಲಿಟ್ಟು 'ಟೀಚರ್ ಹತ್ತಿರ ಓದಿಸಿಕೊಂಡು ಬಾ' ಎಂದು ಕಳುಹಿಸುತ್ತಾರೆ. ಕೆಲವೊಮ್ಮೆ ಅದು ನಮ್ಮ ಕೈಸೇರುವಾಗ ಸಭೆ ಮುಗಿದಿರುತ್ತದೆ. ಮಲಯಾಳವನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನಮಗೆ ಕೊಟ್ಟಿದೆಯೆಂಬುದೂ ನೆನಪಿರಲಿ. ಭಾಷೆ ತಿಳಿಯದೆ ಮನೆಯಲ್ಲುಳಿದವರ ನೋವು ಯಾವ ಯೋಜನೆಯಲ್ಲಿಯೂ ಸೇರುವುದಿಲ್ಲ.

ಆದ್ದರಿಂದ ಶತಮಾನೋತ್ಸವದ ನೆನಪಿಗೆ ಕಟ್ಟಡದೊಂದಿಗೆ ಎರಡು ಕೆಲಸಗಳನ್ನು ಆರಂಭಿಸುತ್ತಿದ್ದೇವೆ. ಪಂಚಾಯತಿನ ಪ್ರತಿಯೊಂದು ನೋಟೀಸನ್ನು ಅದೇ ದಿನ ಕನ್ನಡದಲ್ಲಿ ಬರೆದು ಶಾಲೆಯ ಗೇಟಿನ ಫಲಕದಲ್ಲಿ ಹಾಕುತ್ತೇವೆ. ಯಾವುದೇ ಮಗು ಸತತ 5 ದಿನ ಬಾರದಿದ್ದರೆ ಇಬ್ಬರು ಅಧ್ಯಾಪಕರು ಆ ಮನೆಗೆ ಹೋಗುತ್ತೇವೆ. ಎರಡು ಭಾಷೆಗಳನ್ನೂ ಬಲ್ಲ ಹಳೆ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಒಂದೇ: ನಿಮ್ಮ ವಾರ್ಡಿನ ಗ್ರಾಮಸಭೆಗೆ ನೆರೆಮನೆಯವರನ್ನು ಕರೆದುಕೊಂಡು ಹೋಗಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.

ನಮ್ಮೂರ ಮಾತು ಜಿನೀವಾದವರೆಗೆ ಹೋಗಿತ್ತು. ಅದು ಪಂಚಾಯತು ಕಚೇರಿಯವರೆಗೂ ಹೋಗಲಿ.