ಮದ್ದು ಕಲಸುವ ಚಿತ್ರ ತೆಗೆಯುವ ಮುನ್ನ

(ಕಲ್ಲುಗುಂಡಿಯ ರೈತರ ಕೂಟದಲ್ಲಿ ಗ್ರಾಮ ಕಾರ್ಯಕರ್ತರು ಮಾಡಿದ ಭಾಷಣ)



ಅಡಿಕೆಗೆ ಮದ್ದು ಬಿಡುವ ಕ್ರಮವನ್ನು ತೋರಿಸುವ ಒಂದು ಸಣ್ಣ ವಿಡಿಯೋ ಚಿತ್ರವನ್ನು ಪಂಚಾಯತಿನ ವತಿಯಿಂದ ತಯಾರಿಸುವುದೆಂದು ನಿಶ್ಚಯವಾಗಿರುವುದನ್ನು ತಾವು ಬಲ್ಲಿರಿ. ಅದೇನು ದೊಡ್ಡ ಕೆಲಸ, ಮೊಬೈಲು ಹಿಡಿದ ಯಾವ ಹುಡುಗನೂ ತೆಗೆದಾನು ಎಂದು ಕೆಲವರು ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ತೆಗೆಯುವುದು ಸುಲಭವೇ. ನಾನೂ ಒಮ್ಮೆ ಸುಲಭವೆಂದೇ ತೆಗೆದು ಕೆಟ್ಟವನು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನಲ್ಲಿ, ಬೋರ್ಡೋ ದ್ರಾವಣದ ವಿಷಯವಾಗಿ 14 ನಿಮಿಷದ ಚಿತ್ರ ಮಾಡಿದೆ. ಅದರಲ್ಲಿ 9 ನಿಮಿಷ ನಾನೇ ಮಾತಾಡಿದ್ದೆ. ಮಹಾಳಿ ರೋಗ ಹರಡುವ ಬಗೆ ಇತ್ತು. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂಬ ಲೆಕ್ಕವೂ ಇತ್ತು. ಕಲಸಿದ ಮೇಲೆ ಹದ ನೋಡುವುದು ಮಾತ್ರ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ ಎಂದು ಬಿಟ್ಟಿದ್ದೆ. ಆ ವರ್ಷವಷ್ಟೇ ತೋಟಕ್ಕಿಳಿದಿದ್ದ ಯುವಕರೊಬ್ಬರು ಚಿತ್ರ ನೋಡಿ, ಹೇಳಿದ ಲೆಕ್ಕಕ್ಕೆ ಸರಿಯಾಗಿ ತೂಗಿ, ಗಾಳಿ ತಾಗಿ ಸತ್ವ ಹೋಗಿದ್ದ ಹಳೆಯ ಸುಣ್ಣವನ್ನು ಬಳಸಿ ಮದ್ದು ಬಿಟ್ಟರು. ಎಳೆ ಕಾಯಿ ಸುಟ್ಟು ಕರ್ರಗಾಗಿ ಉದುರಿತು. ಅವರು ನನ್ನನ್ನು ಬೈಯಲಿಲ್ಲ. "ನೀವು ತೋರಿಸಿದ ಹಾಗೆಯೇ ಮಾಡಿದೆ" ಎಂದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಆದುದರಿಂದ ಈ ಸಲ ಚಿತ್ರದ ಮೊದಲ ಮಾತನ್ನು ಬರೆಯುವುದಕ್ಕೆ ಮುಂಚೆ, ಮದ್ದಿನಲ್ಲಿ ಎಲ್ಲೆಲ್ಲಿ ತಪ್ಪು ಬೀಳುತ್ತದೆಂದು ತಮ್ಮನ್ನೇ ಕೇಳುತ್ತಿದ್ದೇನೆ. ತಿಳಿದವನು ಏನು ಹೇಳಬಯಸುತ್ತಾನೆ ಎಂಬುದರಿಂದಲ್ಲ, ಮಾಡುವವನು ಎಲ್ಲಿ ಎಡವುತ್ತಾನೆ ಎಂಬುದರಿಂದ ಚಿತ್ರ ಹುಟ್ಟತಕ್ಕದ್ದು.

ಚಿತ್ರದಿಂದ ರೈತನಿಗೆ ಕಲಿಸುವುದು ನಮ್ಮ ನಾಡಿಗೆ ಹೊಸತಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದ ಉಪಗ್ರಹವೊಂದರ ಮೂಲಕ, 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ಬಂದವು. ನಮ್ಮಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅವನ್ನು ಕನ್ನಡದಲ್ಲಿ ನೋಡಿದವು. ಅದು ದೊಡ್ಡ ಸಾಹಸವೇ ಸರಿ. ಆದರೆ "ಸ್ವಲ್ಪ ನಿಲ್ಲಿಸಿ, ಇನ್ನೊಮ್ಮೆ ತೋರಿಸಿ" ಎನ್ನುವಂತಿರಲಿಲ್ಲ. ಮುಂದೆ 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 'ಡಿಜಿಟಲ್ ಗ್ರೀನ್' ಎಂಬ ಕೆಲಸ ಮೊದಲಾಯಿತು. ಅಲ್ಲಿ ಊರಿನ ರೈತರನ್ನೇ ಚಿತ್ರದಲ್ಲಿ ತೋರಿಸಿದರು. ನೋಡುವ ಗುಂಪಿನ ನಡುವೆ ಒಬ್ಬರು ನಿಂತು, ಚಿತ್ರ ನಿಲ್ಲಿಸಿ, ಪ್ರಶ್ನೆ ಕೇಳಿ ಮುಂದೆ ಸಾಗಿದರು. 16 ಹಳ್ಳಿಗಳಲ್ಲಿ ಪರೀಕ್ಷಿಸಿದಾಗ, ಕೆಲವು ಬೇಸಾಯ ಕ್ರಮಗಳನ್ನು ಕೈಗೊಂಡವರು ಹಳೆಯ ವಿಸ್ತರಣಾ ಪದ್ಧತಿಗಿಂತ 7 ಪಟ್ಟು ಹೆಚ್ಚಿದರೆಂದು ವರದಿಯಾಗಿದೆ. ಪರದೆಯ ಮೇಲೆ ಪರಿಚಯದ ಮುಖ ಕಂಡರೆ "ಅವರಿಗೆ ಆದದ್ದು ನಮಗೇಕೆ ಆಗದು" ಎನ್ನಿಸುವುದು ಸಹಜವಲ್ಲವೇ?

ನಮ್ಮ ಚಿತ್ರ 6 ನಿಮಿಷ ಮೀರಬಾರದು. ನಾನು ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕಲಸುವವರು ತಮ್ಮಲ್ಲಿ ಒಬ್ಬರು. ಅರೆಭಾಷೆಯೋ ತುಳುವೋ, ಅವರ ಬಾಯಿಗೆ ಬರುವ ಮಾತೇ ಇರಲಿ. ಕನ್ನಡವನ್ನು ಆಮೇಲೆ ಸೇರಿಸಬಹುದು. ಬರೆದುಕೊಟ್ಟದ್ದನ್ನು ಓದಿಸಿದರೆ ಎಂಥ ಅನುಭವಸ್ಥರೂ ಶಾಲೆಯ ಹುಡುಗನಂತೆ ಕಾಣುತ್ತಾರೆ. ಕ್ಯಾಮರಾ ಮುಖವನ್ನು ಬಿಟ್ಟು ಕೈಯನ್ನು ನೋಡಬೇಕು.

ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುವುದು, ಬೇರೆ 50 ಲೀಟರಿನಲ್ಲಿ ಸುಣ್ಣದ ಹಾಲು ಮಾಡಿ ಸೋಸುವುದು, ಮೈಲುತುತ್ತಿನ ನೀರನ್ನು ಸುಣ್ಣದ ಹಾಲಿಗೆ ಮೆಲ್ಲಗೆ ಸುರಿಯುತ್ತಾ ತಿರುವುವುದು, ಇಷ್ಟಕ್ಕೆ ಅರ್ಧ ಚಿತ್ರ ಸಾಕು. ಉಳಿದ ಹೊತ್ತೆಲ್ಲ ಕತ್ತಿಗೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಸುಣ್ಣ ಸಾಲದೆಂದರ್ಥ. ಕೆಂಪು ಕೂರದಷ್ಟಾಗುವವರೆಗೆ ಸುಣ್ಣದ ಹಾಲು ಸೇರಿಸಿ ಮತ್ತೆ ಮತ್ತೆ ನೋಡುವುದು. ಆ ಒಂದು ನಿಮಿಷವನ್ನು ಕತ್ತರಿಸದೆ ಪೂರ್ತಿ ತೋರಿಸಬೇಕೆಂಬುದು ನನ್ನ ಹಟ. ಬೇಸರವಾದರೂ ಆಗಲಿ.

ಕಲಸುವವರು ಕನ್ನಡಕ, ಕೈಗವಸು ಹಾಕಿಕೊಳ್ಳದಿದ್ದರೆ ನೋಡಿದವರೂ ಹಾಕಿಕೊಳ್ಳುವುದಿಲ್ಲ, ಅವು ಇರಲೇಬೇಕು. ಪಯಸ್ವಿನಿಯ ಬದಿಯ ತೋಟ ಕಣ್ಣಿಗೆ ಚಂದ, ಆದರೆ ನೀರಿನ ಸದ್ದು ಮಾತನ್ನು ನುಂಗುತ್ತದೆ. ಹೆದ್ದಾರಿ ಬದಿಯೂ ಬೇಡ. ಒಳಗಿನ ಒಂದು ಅಂಗಳ ಸಿಕ್ಕಿದರೆ ಉಪಕಾರ.

ಚಿತ್ರ ಪತ್ತನಾಜೆಗೆ ಮೊದಲೇ ತಮ್ಮೆದುರು ಬರಬೇಕು. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನದ ಮೇಲೆ. ಆಟಿಯಲ್ಲಿ ತೋರಿಸಿದರೆ ಉದುರಿದ ಕಾಯಿ ಹೆಕ್ಕುತ್ತಾ ನೋಡಬೇಕಾದೀತು. ಮೊದಲು ಹದಿನೈದಿಪ್ಪತ್ತು ಜನರ ಗುಂಪುಗಳಲ್ಲಿ, ಮನೆಯ ಜಗಲಿಯಲ್ಲೇ ತೋರಿಸುತ್ತೇವೆ. ಕತ್ತಿಯ ಹತ್ತಿರ ಚಿತ್ರ ನಿಲ್ಲಿಸಿ, ನೋಡಿದವರ ಕೈಯಿಂದಲೇ ಮಾಡಿಸುತ್ತೇವೆ. ವಾಟ್ಸಾಪಿನಲ್ಲಿ ಕಳಿಸುವುದು ಆಮೇಲೆ.

ಬರುವ ಭಾನುವಾರ ಬೆಳಿಗ್ಗೆ 8 ಗಂಟೆಗೆ ಕೆಲಸ ಆರಂಭ. ಎರಡು ಡ್ರಮ್ಮು, ಒಂದು ಕತ್ತಿ, ಹೊಸ ಸುಣ್ಣ ಬೇಕು. ಯಾರ ಕೊಟ್ಟಿಗೆಯಲ್ಲಾದರೂ ಕಳೆದ ವರ್ಷದ ಸುಣ್ಣದ ಮೂಟೆ ಉಳಿದಿದ್ದರೆ ನಾಚಿಕೊಳ್ಳದೆ ಅದನ್ನೂ ತನ್ನಿ. ಕತ್ತಿ ಕೆಂಪಾಗುವುದನ್ನು ತೋರಿಸಲು ನಮಗೆ ಅದೇ ಬೇಕು.