ಮಳೆಮಾಪಕದ ಗಣಕಕ್ಕೆ ತಕ್ಕ ಲಿನಕ್ಸ್



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಅಂಥ ರಾತ್ರಿಯ ಮಳೆಯನ್ನು ಗಂಟೆಗಂಟೆಗೂ ಅರಿಯಬೇಕು, ಬೆಳಿಗ್ಗೆ 8.30ಕ್ಕೆ ಓದುವ ಸಾದಾ ಮಳೆಮಾಪಕ ದಿನದ ಮೊತ್ತವನ್ನಷ್ಟೇ ಹೇಳುತ್ತದೆ. ತುಂಬಿದೊಡನೆ ತಾನೇ ಮಗುಚುವ ಬಟ್ಟಲಿನ ಮಾಪಕಕ್ಕೆ ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಗಣಕವನ್ನು ಜೋಡಿಸಿದರೆ ಪ್ರತಿ ಮಗುಚುವಿಕೆಯೂ ವೇಳೆಸಹಿತ ದಾಖಲಾಗುತ್ತದೆ.

ಆದರೆ ಪೇಟೆಯ ಮೇಜಿಗೆಂದು ಸಿದ್ಧಪಡಿಸಿದ ಲಿನಕ್ಸ್ ಮಲೆನಾಡಿನ ಮಳೆಗಾಲಕ್ಕೆ ಒಗ್ಗದು. ಕಾರ್ಡಿನ ಮೇಲೆ ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ (ಆಷಾಢದಲ್ಲಿ ಅದು ಬಂದುಹೋಗುವ ನೆಂಟ!) ಕಡತಗಳು ಕೆಟ್ಟು ಗಣಕ ಮತ್ತೆ ಏಳದಿರಬಹುದು. ಇನ್ನೊಂದು ದೋಷ ಕಣ್ಣಿಗೆ ಬೀಳದು. ಪೈ 5ಕ್ಕಿಂತ ಹಿಂದಿನ ಮಾದರಿಗಳಲ್ಲಿ ಸ್ವಂತ ಗಡಿಯಾರವಿಲ್ಲ. ಅಂತರ್ಜಾಲವಿಲ್ಲದೆ ಎದ್ದ ಗಣಕ ಹಳೆಯ ವೇಳೆಯಿಂದಲೇ ಎಣಿಕೆ ಮುಂದುವರಿಸುತ್ತದೆ. ಮಳೆ ಸರಿ, ಗಂಟೆ ಸುಳ್ಳು. ಅಂಥ ದಾಖಲೆಯನ್ನು ಕಚೇರಿಯ ಮುಂದಿಟ್ಟು ವಾದಿಸಲಾಗದು.

ಆದ್ದರಿಂದ ಬಿಲ್ಡ್‌ರೂಟ್ ಎಂಬ ಮುಕ್ತ ಸಾಧನದಿಂದ ಬೇಕಾದಷ್ಟೇ ಲಿನಕ್ಸನ್ನು ಕಟ್ಟಿಕೊಳ್ಳುವುದು ಲೇಸು. ಅದು ಕೊಡುವ ಇಮೇಜ್ ಎಂಬ ಒಂದೇ ಕಡತವನ್ನು ಕಾರ್ಡಿಗೆ ಬರೆದರಾಯಿತು. ಮೂಲವ್ಯವಸ್ಥೆಯನ್ನು ಓದಲಷ್ಟೇ ಬಿಟ್ಟು, ಮಳೆಯ ಲೆಕ್ಕಕ್ಕೆ ಪ್ರತ್ಯೇಕ ವಿಭಾಗ ಕೊಡಬೇಕು. ಬ್ಯಾಟರಿಯಿಂದ ನಡೆಯುವ ಡಿಎಸ್3231 ಗಡಿಯಾರವನ್ನು ಜೋಡಿಸಿ ಅದರ ಚಾಲಕವನ್ನೂ ಸೇರಿಸಬೇಕು. ಆಟ, ಸಂಗೀತ, ಬ್ರೌಸರು ಯಾವುವೂ ಬೇಡ. ಮೂಲಕಡತಗಳನ್ನು ಪೇಟೆಯಲ್ಲಿ ಒಮ್ಮೆ ಇಳಿಸಿ ತಂದರೆ ಜಾಲವಿಲ್ಲದ ಊರಿನಲ್ಲಿಯೂ ಕಟ್ಟಬಹುದು.

ಸಿದ್ಧ ಕಾರ್ಡಿಗಿಂತ ಜೋಪಾನ ಮಾಡಬೇಕಾದುದು ಆಯ್ಕೆಗಳನ್ನು ಬರೆದಿಟ್ಟ ಪುಟ್ಟ ಕಡತ. ಕಾರ್ಡು ಕೆಟ್ಟರೂ, ಕಟ್ಟಿದ ವಿದ್ಯಾರ್ಥಿ ಊರು ಬಿಟ್ಟರೂ, ಅದು ಮೂಲಗಳೊಡನೆ ಶಾಲೆಯ ಕಪಾಟಿನಲ್ಲಿದ್ದರೆ ಮುಂದಿನ ಮುಂಗಾರಿಗೆ ಇನ್ನೊಬ್ಬರು ಅದನ್ನೇ ಕಟ್ಟಬಲ್ಲರು.