ಮನೆ ಕೊಡೋಣ, ಮೂಲವನ್ನು ಮರೆಮಾಚದಿರೋಣ

(ಪಿರಿಯಾಪಟ್ಟಣದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣ)



ತನ್ನ ಮದುವೆಯ ಮಾತುಕತೆಯ ವೇಳೆ, ಸಂಬಂಧಿಕರೊಬ್ಬರು ಬಾಯಿತಪ್ಪಿ ಆಡಿದ ಮಾತಿನಿಂದ ತಾನು ಸಾಕುಮಗಳೆಂದು ತಿಳಿಯುವ ಹುಡುಗಿಯ ಸ್ಥಿತಿಯನ್ನು ಯೋಚಿಸಿ. ಸಾಕಿದ ಸಂಗತಿಗಿಂತ, ಅದನ್ನು ಇಪ್ಪತ್ತು ವರ್ಷ ಮುಚ್ಚಿಟ್ಟ ಸಂಗತಿಯೇ ಅವಳನ್ನು ಹೆಚ್ಚು ನೋಯಿಸುತ್ತದೆ. ನಮ್ಮಲ್ಲಿ ಕೆಲವರು ಪ್ರೀತಿಯ ಹೆಸರಿನಲ್ಲಿ ಮಗುವಿನ ಮೂಲವನ್ನು ಅಳಿಸುತ್ತಾರೆ. ಇನ್ನು ಕೆಲವರು ‘ಇಸ್ಲಾಮಿನಲ್ಲಿ ದತ್ತು ಇಲ್ಲ’ ಎಂದು ಹೇಳಿ ಅನಾಥ ಮಗುವಿಗೆ ಬಾಗಿಲನ್ನೇ ಮುಚ್ಚುತ್ತಾರೆ. ಎರಡೂ ಅನ್ಯಾಯವೇ.

ಬಾಲ್ಯದಲ್ಲಿ ಅಪಹರಣಕ್ಕೊಳಗಾಗಿ ಗುಲಾಮನಾಗಿ ಮಾರಲ್ಪಟ್ಟ ಝೈದ್(ರ) ಪ್ರವಾದಿ ಮುಹಮ್ಮದ್(ಸ)ರ ಮನೆ ಸೇರಿದರು. ತಂದೆ ಹಾರಿಸಾ ಮಗನನ್ನು ಹುಡುಕಿಕೊಂಡು ಮಕ್ಕಾಕ್ಕೆ ಬಂದಾಗ ಪ್ರವಾದಿಯವರು(ಸ) ಆಯ್ಕೆಯನ್ನು ಝೈದ್‌ರಿಗೇ ಬಿಟ್ಟರು. ಅವರು ಪ್ರವಾದಿಯವರ ಬಳಿ ಉಳಿದರು. ಜನರು ಅವರನ್ನು ಝೈದ್ ಬಿನ್ ಮುಹಮ್ಮದ್ ಎನ್ನುತ್ತಿದ್ದರು. ಸಾಕುಮಕ್ಕಳನ್ನು ಜನ್ಮದಾತರ ಹೆಸರಿನಿಂದಲೇ ಕರೆಯಬೇಕೆಂದೂ, ತಂದೆ ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮಸಹೋದರರೆಂದೂ ಪವಿತ್ರ ಕುರ್‌ಆನ್ (33:5) ಆದೇಶಿಸಿದ ಬಳಿಕ ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಆದರೆ ಪ್ರವಾದಿಯವರ ಪ್ರೀತಿ ಕಡಿಮೆಯಾಗಲಿಲ್ಲ. ಕ್ರಿ.ಶ. 629ರ ಮುಅ್‌ತಾ ಯುದ್ಧದಲ್ಲಿ ಸೇನೆಯ ನಾಯಕತ್ವವನ್ನು ಅವರಿಗೇ ವಹಿಸಲಾಯಿತು. ಅಬೂತಾಲಿಬರ ಆಶ್ರಯದಲ್ಲಿ ಬೆಳೆದ ಪ್ರವಾದಿಯವರೂ(ಸ) ಕೊನೆಯವರೆಗೆ ಅಬ್ದುಲ್ಲಾರ ಪುತ್ರರೆಂದೇ ಕರೆಯಲ್ಪಟ್ಟರು.

ನಮ್ಮದೇ ತಾಲೂಕಿನ ಬೈಲುಕುಪ್ಪೆಯನ್ನು ನೋಡಿ. 1960ರ ದಶಕದ ಆರಂಭದಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರು ನೆಲೆಸಿದರು. ಅಲ್ಲಿನ ಮಕ್ಕಳ ಗ್ರಾಮದಲ್ಲಿ ಹೆತ್ತವರಿಂದ ದೂರವಾದ ಮಕ್ಕಳನ್ನು ಸಾಕುತಾಯಂದಿರು ಬೆಳೆಸುತ್ತಾರೆ. ಆ ಮಕ್ಕಳು ತಮ್ಮ ಭಾಷೆ, ಪರಂಪರೆಯೊಂದಿಗೇ ಬೆಳೆಯುತ್ತಾರೆ. ಆಸರೆ ಪಡೆಯಲು ಗುರುತನ್ನು ಕಳಕೊಳ್ಳಬೇಕಾಗಿಲ್ಲ.

ಕಾನೂನನ್ನೂ ತಿಳಿದಿರಬೇಕು. ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 2014ರ ಫೆಬ್ರವರಿ 19ರಂದು, ಬಾಲನ್ಯಾಯ ಕಾಯ್ದೆಯಡಿ ಯಾವುದೇ ಧರ್ಮದವರು ದತ್ತು ಪಡೆಯಬಹುದು, ಆದರೆ ಅದು ಕಡ್ಡಾಯವಲ್ಲ, ತಮ್ಮ ವೈಯಕ್ತಿಕ ಕಾನೂನನ್ನು ಅನುಸರಿಸಲು ಅವರು ಸ್ವತಂತ್ರರು ಎಂದಿತು. ಹಾಗೆ ಅನುಸರಿಸುವವರು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕತ್ವ ಪಡೆಯಬಹುದು. ಆಸ್ಪತ್ರೆಯಿಂದ ಹಣ ಕೊಟ್ಟು ಮಗುವನ್ನು ತರುವುದು ಮಾತ್ರ ಅಪರಾಧ. 2015ರ ಬಾಲನ್ಯಾಯ ಕಾಯ್ದೆಯಡಿ ಅದಕ್ಕೆ 5 ವರ್ಷಗಳವರೆಗೆ ಕಠಿಣ ಸಜೆಯಿದೆ. 2022ರ ದತ್ತು ನಿಯಮಾವಳಿಯೂ, ಹೆತ್ತವರ ಗೋಪ್ಯತೆಯನ್ನು ಕಾಪಾಡಿಕೊಂಡು, ದತ್ತುಮಕ್ಕಳು ತಮ್ಮ ಮೂಲವನ್ನು ಅರಸಲು ಅವಕಾಶ ನೀಡಿದೆ.

ಪೋಷಕತ್ವದಲ್ಲಿ ಬೆಳೆದ ಮಗು ಶರೀಅತ್ತಿನ ಪ್ರಕಾರ ವಾರಸುದಾರನಾಗುವುದಿಲ್ಲ. ಇದೇ ನೆಪದಲ್ಲಿ, ಸಾಕಿದವರು ಕಣ್ಮುಚ್ಚಿದೊಡನೆ ಆ ಮಗುವನ್ನು ಬರಿಗೈಯಲ್ಲಿ ಹೊರಕಳಿಸುವುದು ಕ್ರೌರ್ಯ. ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆಯಲು, ಬದುಕಿರುವಾಗಲೇ ಹಿಬಾ ನೀಡಲು ಶರೀಅತ್ ದಾರಿ ತೋರಿಸಿದೆ. ನಾಳೆಗೆ ಮುಂದೂಡದೆ ಇಂದೇ ಬರೆದಿಡಿ. ಎಳೆಗೂಸಿಗೆ ಎದೆಹಾಲುಣಿಸಿದರೆ ಸ್ತನಪಾನ ಸಂಬಂಧವೂ ಏರ್ಪಡುತ್ತದೆ. ಆಗ ಮನೆಯೊಳಗಿನ ಪರ್ದಾದ ತೊಡಕೂ ಬಗೆಹರಿಯುತ್ತದೆ.

ತಾಯಂದಿರೇ, ಮಗು ಪ್ರಶ್ನೆ ಕೇಳಲಾರಂಭಿಸುವ ವಯಸ್ಸಿನಿಂದಲೇ ಅದಕ್ಕೆ ಅರ್ಥವಾಗುವಂತೆ ಸತ್ಯವನ್ನು ಹೇಳುತ್ತಾ ಬನ್ನಿ. ನೆರೆಹೊರೆಯವರಿಂದ ಕೇಳಿದರೆ ಅದು ಇರಿತವಾಗುತ್ತದೆ, ನಿಮ್ಮ ಮಡಿಲಲ್ಲಿ ಕೇಳಿದರೆ ಅದು ತನ್ನದೇ ಕಥೆಯಾಗುತ್ತದೆ. ಹೆತ್ತವರ ಬಗ್ಗೆ ಹಗುರವಾಗಿ ಮಾತಾಡದಿರಿ. ಜಮಾಅತಿನ ಹಿರಿಯರೂ ಮದುವೆಯ ಸಂಬಂಧ ನೋಡುವಾಗ ‘ಯಾರ ಮಗುವೋ’ ಎಂಬ ಮಾತನ್ನು ನಿಲ್ಲಿಸಬೇಕು. ತಂದೆ ಯಾರೆಂದು ತಿಳಿಯದವರನ್ನು ಕುರ್‌ಆನ್ ಸಹೋದರರೆಂದು ಕರೆದಿರುವಾಗ, ಅವರನ್ನು ಬೇರೆ ಹೆಸರಿನಿಂದ ಕರೆಯುವ ಹಕ್ಕು ನಮಗೆಲ್ಲಿದೆ?